ಚಾವಡಿ ಮುಂದಿನ ಚಳಿ

ಎದೆಗೆ ಸಂಯುಕ್ತ ಕರ್ನಾಟಕ, ಬೆನ್ನಿಗೆ ಪುಢಾರಿ. ಅದೇ ನಮ್ಮ ಸ್ವೆಟರ್. ನಿಪ್ಪಾಣಿಯ ಚಹಾದಂಗಡಿಯಲ್ಲಿ ಓದಿ ಬಿಸಾಕಿದ ಪೇಪರು ಬೇಡಿ ತಂದು, ಅಂಗಿಯ ಒಳಗೆ ಹಿಂದೊಂದು ಮುಂದೊಂದು ಇಟ್ಟುಕೊಂಡು, ಕೆಳಗಿನ ತುದಿಯನ್ನು ಉಡದಾರಕ್ಕೆ ಸಿಗಿಸಿ ನಾವು ಸೈಕಲ್ ಏರುತ್ತಿದ್ದೆವು. ಪೇಪರು ಗಾಳಿ ತಡೆಯುತ್ತದೆ. ಇದನ್ನು ನಮಗೆ ಕಲಿಸಿದವನು ತಂಬಾಕಿನ ವಖಾರದಲ್ಲಿ ಹಮಾಲಿ ಮಾಡುತ್ತಿದ್ದ ನಮ್ಮಪ್ಪ. ನಿಪ್ಪಾಣಿ ಕನ್ನಡದ್ದೋ ಮರಾಠಿಯದ್ದೋ ಎಂದು ಪೇಟೆಯಲ್ಲಿ ಜಗಳ ನಡೆದೇ ಇತ್ತು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟ ಮೇಲೂ ಅದು ಮುಗಿಯಲಿಲ್ಲ. ನಮ್ಮ ಅಂಗಿಯೊಳಗೆ ಮಾತ್ರ ಎರಡೂ ಭಾಷೆ ಸೇರಿ ಒಂದೇ ಎದೆಗೂಡು ಕಾಯುತ್ತಿದ್ದವು.

ಬೆಂಗಳೂರು ಮೈಸೂರು ಕಡೆಯ ಗೆಳೆಯರಿಗೆ ನಮ್ಮ ಸೀಮೆ ಎಂದರೆ ಬಿಸಿಲು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಂದು ಹೆಸರು ಹೇಳಿದರೇ ಅವರಿಗೆ ಬೆವರು ಬರುತ್ತದೆ. ಅವರು ಎಳ್ಳಮಾಸಿಯಿಂದ ಸಂಕ್ರಾಂತಿಯ ನಡುವೆ ಒಂದು ಸಲ ಇಲ್ಲಿಗೆ ಬಂದು ಬೆಳಗಿನ ಐದಕ್ಕೆ ಸೈಕಲ್ ಹೊಡೆಯಬೇಕು. ಹಿಮ ಬೀಳುವುದಿಲ್ಲ, ಹಳ್ಳದ ನೀರು ಗಡ್ಡೆ ಕಟ್ಟುವುದಿಲ್ಲ, ಅದು ಖರೆ. ಗಡ್ಡೆ ಕಟ್ಟುವುದು ಬಾಟಲಿಯ ಕೊಬ್ಬರಿ ಎಣ್ಣೆ ಮಾತ್ರ. ಆದರೆ ಮೋಡವಿಲ್ಲದ ರಾತ್ರಿಯಲ್ಲಿ ಎರೆಭೂಮಿ ಹಗಲೆಲ್ಲ ಕುಡಿದ ಕಾವನ್ನು ಆಕಾಶಕ್ಕೆ ಬಿಟ್ಟುಬಿಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ವೇದಗಂಗಾ, ದೂಧಗಂಗಾ, ಕೃಷ್ಣಾ ದಂಡೆಯ ಕಬ್ಬಿನ ಹೊಲಗಳಲ್ಲಿ ಮಂಜಾಗಿ ನಿಲ್ಲುತ್ತದೆ. ನಿಂತವನಿಗೆ ಹತ್ತು ಡಿಗ್ರಿ ಇದ್ದದ್ದು, ಗಾಳಿ ಸೀಳಿಕೊಂಡು ಹೋಗುವ ಸೈಕಲ್ಲಿನವನಿಗೆ ಇನ್ನೂ ಕೆಳಗೆ ಇಳಿದಂತೆ ಆಗುತ್ತದೆ. ಕಟ್ಟಿಗೆ ಮತ್ತು ಕಬ್ಬಿಣ ಒಂದೇ ಅಂಗಳದಲ್ಲಿ ರಾತ್ರಿ ಕಳೆದರೂ ಕಬ್ಬಿಣವೇ ಹೆಚ್ಚು ಕೊರೆಯುತ್ತದೆ, ಯಾಕೆಂದರೆ ಅದು ಕೈಯ ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಇದನ್ನು ವಿಜ್ಞಾನದ ಮಾಸ್ತರರು ಒಂಬತ್ತನೆಯ ಇಯತ್ತೆಯಲ್ಲಿ ಹೇಳಿದರು. ಅಷ್ಟು ಹೊತ್ತಿಗೆ ನಮ್ಮ ಅಂಗೈಗಳು ಆ ಪಾಠ ಪಾಸು ಮಾಡಿದ್ದವು.

ಈಚೆಗೆ ಒಂದು ಕಡೆ ಓದಿದೆವು. ಫಿನ್ಲೆಂಡ್ ದೇಶದ ಔಲು ಎಂಬ ಊರಲ್ಲಿ ಹಿಮದ ಮೇಲೆಯೇ ಮಂದಿ ಸೈಕಲ್ ಹೊಡೆಯುತ್ತಾರಂತೆ. ಟೈರಿಗೆ ಸಣ್ಣ ಸಣ್ಣ ಮೊಳೆ. ಸಾಲಿಯ ಹೊತ್ತಿಗೆ ಮೊದಲೇ ಊರಾಡಳಿತದ ಗಾಡಿಗಳು ಬಂದು ಸೈಕಲ್ ದಾರಿಯ ಹಿಮ ಸರಿಸಿ ಹೋಗುತ್ತವಂತೆ. ಚಳಿಗಾಲದ ಸೈಕಲ್ ಸವಾರಿಯ ಬಗ್ಗೆಯೇ 2013ರಲ್ಲಿ ಅಲ್ಲಿ ದೇಶವಿದೇಶದವರ ಸಮಾವೇಶ ನಡೆಯಿತು. ಓದಿ ನಗು ಬಂತು, ಹೊಟ್ಟೆಕಿಚ್ಚೂ ಬಂತು. ಮಕ್ಕಳು ಸೈಕಲ್ ಮೇಲೆ ಸಾಲಿಗೆ ಹೋಗಲಿ ಎಂದು ಒಂದು ಊರು ಬೆಳಗಿನ ಜಾವ ಎದ್ದು ದಾರಿ ಬಳಿಯುತ್ತದೆ. ನಮ್ಮೂರೂ ಬೆಳಗಿನ ಜಾವ ಏಳುತ್ತಿತ್ತು. ನಾವು ಸೈಕಲ್ಲಿನಿಂದ ಇಳಿದೆವೋ ಇಲ್ಲವೋ ನೋಡಲಿಕ್ಕೆ.

ಊರ ಹೆಸರು ಬೇಡ. ನಿಪ್ಪಾಣಿಗೂ ಚಿಕ್ಕೋಡಿಗೂ ನಡುವೆ ಇಂಥ ಊರು ಒಂದೇ ಇಲ್ಲ.

ನಾವು ಮೂವರು, ಸೈಕಲ್ ಒಂದು. ಮಹಾರರ ಮನೆಯ ಹುಡುಗ ಒಬ್ಬ, ಸಮಗಾರರ ಮನೆಯವ ಒಬ್ಬ, ಮಾಂಗರ ಮನೆಯವ ಒಬ್ಬ. ಸೈಕಲ್ ನಮ್ಮಪ್ಪನದು, ಯಾರೋ ಹೊಡೆದು ಬಿಟ್ಟ ಹಳೆಯ ಅಟ್ಲಾಸ್. ಅದರ ಮುಂದಿನ ಬಿಲ್ಲೆಯ ಮೇಲೆ ಭೂಮಿಯ ಗುಂಡನ್ನು ಹೆಗಲ ಮೇಲೆ ಹೊತ್ತ ಒಬ್ಬ ಮನುಷ್ಯನ ಚಿತ್ರ. ಅವನು ಯಾರೆಂದು ನಮಗೆ ಗೊತ್ತಿರಲಿಲ್ಲ. ನಮ್ಮಪ್ಪ ನೋಡಿ, ‘ಯಾವುದೋ ವಖಾರದ ಹಮಾಲ ಇರಬೇಕು ತಗೋ’ ಅಂದಿದ್ದ. ಆ ಹಮಾಲನ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಮುಚ್ಚಿತು. ಅಂದು ವಿಶ್ವ ಸೈಕಲ್ ದಿನ. ಪೇಪರಿನಲ್ಲಿ ಸುದ್ದಿ ಓದಿದಾಗ ನಮಗೆ ನಮ್ಮಪ್ಪ ತೀರಿದ ದಿನ ನೆನಪಾಯಿತು.

ಬೆಳಗಿನ ಆರಕ್ಕೆ ವಖಾರ ಮುಟ್ಟಬೇಕು. ಕಸ ಹೊಡೆಯುವುದು, ಖಾಲಿ ಚೀಲ ಝಾಡಿಸಿ ಮಡಚುವುದು ನಮ್ಮ ಕೆಲಸ. ಹತ್ತಕ್ಕೆ ಕೈಕಾಲು ತೊಳೆದು ಹೈಸ್ಕೂಲಿಗೆ. ಎಷ್ಟು ತೊಳೆದರೂ ತಂಬಾಕಿನ ನಾತ ಹೋಗುತ್ತಿರಲಿಲ್ಲ. ನಮ್ಮ ಬೆಂಚಿನ ಮೇಲೆ ಬೇರೆಯವರು ಕೂಡ್ರದೆ ಇದ್ದದ್ದಕ್ಕೆ ಆ ನಾತವೂ ಒಂದು ನೆಪ. ಅವ್ವಂದಿರು ನಮಗಿಂತ ಮೊದಲೇ, ನಾಲ್ಕಕ್ಕೆಲ್ಲ ಗುಂಪು ಕಟ್ಟಿಕೊಂಡು ಕಂದೀಲು ಹಿಡಿದು ನಡೆದು ಹೋಗಿರುತ್ತಿದ್ದರು. ಎರಡು ಹರದಾರಿ ದಾರಿ. ಅಲ್ಲಿ ದಿನವೆಲ್ಲ ತಂಬಾಕು ಬಡಿದು, ಸಾಣಿಸಿ, ಧೂಳು ಕುಡಿದು, ಕತ್ತಲಾದ ಮೇಲೆ ಮತ್ತೆ ಅದೇ ಎರಡು ಹರದಾರಿ. ನಾವು ಗಂಟೆ ಬಾರಿಸಿಕೊಂಡು ಅವರನ್ನು ದಾಟಿ ಹೋಗುತ್ತಿದ್ದೆವು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುವ ಸಾಲಿನಲ್ಲಿ ಯಾರು ನಮ್ಮವ್ವ ಎಂದು ಮಂಜಿನಲ್ಲಿ ತಿಳಿಯುತ್ತಿರಲಿಲ್ಲ. ‘ಯವ್ವಾ, ಹಿಂದ ಕೂಡ ಬಾ’ ಎಂದು ಒಂದು ದಿನವಾದರೂ ಕರೆದೆವೇ? ನೆನಪಿಲ್ಲ. ಕರೆದಿದ್ದರೆ ನೆನಪಿರುತ್ತಿತ್ತು. ಆ ಹೆಂಗಸರು 1980ರ ಸುಮಾರಿಗೆ ಸಂಘ ಕಟ್ಟಿ ಕೂಲಿಗಾಗಿ ಬೀದಿಗೆ ಇಳಿದರು. ಛಾಯಾ ದಾತಾರ್ ಅವರ ಹೋರಾಟದ ಬಗ್ಗೆ 1989ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮವ್ವನಿಗೆ ಅದನ್ನು ಓದಿ ಹೇಳುವ ಹೊತ್ತಿಗೆ ಅವಳ ಪುಪ್ಪುಸ ಮುಗಿದಿತ್ತು.

ಕೇರಿಯಿಂದ ಡಾಂಬರು ರಸ್ತೆಗೆ ಎರಡು ದಾರಿ. ಹಿಂದಿನದು ಹೊಲದ ಬದುವಿನ ಮೇಲೆ, ಜಾಲಿ ಮುಳ್ಳು. ಸೈಕಲ್ ತಗೊಂಡು ಹೋದರೆ ಪಂಕ್ಚರ್ ಗ್ಯಾರಂಟಿ. ಮುಂದಿನದು ಊರೊಳಗೆ, ಅಗಸಿಯಿಂದ ಚಾವಡಿ, ಚಾವಡಿಯಿಂದ ಗೌಡರ ವಾಡೆ, ವಾಡೆಯಿಂದ ಗುಡಿ. ಅಗಸಿಯಲ್ಲಿ ಇಳಿಯಬೇಕು. ಗುಡಿ ದಾಟಿದ ಮೇಲೆ ಹತ್ತಬೇಕು. ನಡುವೆ ಸೈಕಲ್ ತಳ್ಳಿಕೊಂಡು ನಡೆಯಬೇಕು. ಯಾರೂ ಇದನ್ನು ಬೋರ್ಡು ಬರೆದು ಹಾಕಿರಲಿಲ್ಲ. ನಮ್ಮ ಮುತ್ತ್ಯಾ ಅಲ್ಲಿ ರುಮಾಲು ತೆಗೆದು ‘ಜೋಹಾರ ಮಾಯಬಾಪ’ ಅನ್ನುತ್ತಿದ್ದ, ನಮ್ಮಪ್ಪ ಬೀಡಿ ಆರಿಸುತ್ತಿದ್ದ, ನಾವು ಸೈಕಲ್ ಇಳಿಯುತ್ತಿದ್ದೆವು. ಅಷ್ಟೇ ಪ್ರಗತಿ. ಹಳ್ಳಿಯ ವತನಗಳನ್ನು ರದ್ದು ಮಾಡುವ ಕಾಯ್ದೆ 1961ರಲ್ಲೇ ಬಂದಿತ್ತು. ವತನ ಹೋಗಿತ್ತು, ಜೋಹಾರ ಹೋಗಿರಲಿಲ್ಲ.

ಎಣಿಸಿದ್ದೇವೆ. ಇನ್ನೂರ ಹದಿನಾಲ್ಕು ಹೆಜ್ಜೆ.

ಸೈಕಲ್ ಹೊಡೆಯುವವನಿಗೆ ಚಳಿ ಅಷ್ಟು ಹತ್ತುವುದಿಲ್ಲ ಎಂಬುದು ಹೊಡೆದವರಿಗೆಲ್ಲ ಗೊತ್ತು. ಪೆಡಲ್ ತುಳಿದಂತೆ ಮೈಯೊಳಗೆ ಒಂದು ಒಲೆ ಹೊತ್ತುತ್ತದೆ. ಇಳಿದು ನಡೆದರೆ ಒಲೆ ಆರುತ್ತದೆ, ಬೆವರು ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ, ಕೈ ಮಾತ್ರ ಕಬ್ಬಿಣದ ಮೇಲೆಯೇ ಇರುತ್ತದೆ. ಮೇಲಿಂದ ಕಾಲಲ್ಲಿ ಚಪ್ಪಲಿ ಇರಬಾರದು. ನಮ್ಮ ಸಮಗಾರ ಗೆಳೆಯನ ಅಪ್ಪ ಹೊಲಿದ ಚಪ್ಪಲಿ ಕೊಲ್ಹಾಪುರದ ಪೇಟೆಗೆ ಹೋಗುತ್ತಿತ್ತು. ನಿಪ್ಪಾಣಿ, ಅಥಣಿ, ಮದಭಾವಿ ಕಡೆಯ ಕೈಗಳು ಹೊಲಿದದ್ದೇ ಕೊಲ್ಹಾಪುರಿ ಎಂದು ಹೆಸರು ಪಡೆಯುವುದು ಈಗ ಎಲ್ಲರಿಗೂ ಗೊತ್ತು. ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೋಡಿ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಇವೆ. 2025ರಲ್ಲಿ ಇಟಲಿಯ ಒಂದು ಕಂಪನಿ ಮಿಲಾನಿನಲ್ಲಿ ಅಂಥದೇ ಚಪ್ಪಲಿಯನ್ನು ತನ್ನದೆಂಬಂತೆ ಮೆರೆಸಿ ಗದ್ದಲವಾಯಿತು. ಆ ಚಪ್ಪಲಿ ಹೊಲಿಯುವವನ ಮಗ ತನ್ನ ಚಪ್ಪಲಿ ಬಿಚ್ಚಿ ಪಾಟಿಚೀಲಕ್ಕೆ ಹಾಕಿಕೊಂಡು, ಇಬ್ಬನಿಗೆ ತೊಯ್ದ ಫರಸಿಕಲ್ಲಿನ ಮೇಲೆ ಬರಿಗಾಲಲ್ಲಿ ಇನ್ನೂರ ಹದಿನಾಲ್ಕು ಹೆಜ್ಜೆ ನಡೆಯುತ್ತಿದ್ದ. ಚಾವಡಿಯ ಮುಂದೆ ತೊಗರಿಕಟ್ಟಿಗೆಯ ಬೆಂಕಿ. ಸುತ್ತಲೂ ಕಂಬಳಿ ಹೊದ್ದವರು ಕೂತು ಕಾಯಿಸಿಕೊಳ್ಳುತ್ತಿದ್ದರು. ಅದರ ಬಿಸಿ ನಮ್ಮ ಒಂದು ಗಲ್ಲಕ್ಕೆ ತಾಗಿ ಹೋಗುತ್ತಿತ್ತು. ನಿಂತರೆ ‘ಯಾಕ ನಿಂತೀರಿ’ ಅನ್ನುವರು, ಓಡಿದರೆ ‘ಯಾಕ ಓಡ್ತೀರಿ’ ಅನ್ನುವರು.

ಗುಡಿ ದಾಟಿ ಹತ್ತಿದ ಮೇಲೆ ನಾವು ಪಾಠ ಹೇಳುತ್ತ ಹೋಗುತ್ತಿದ್ದೆವು. ಮೂವರಿಗೆ ಸೇರಿ ಒಂದೇ ಪುಸ್ತಕ, ಕತ್ತಲೆ ಬೇರೆ, ಆದ್ದರಿಂದ ಬಾಯಿಪಾಠ. ನಾಗರಿಕ ಶಾಸ್ತ್ರ, ಸಂವಿಧಾನದ 17ನೆಯ ವಿಧಿ: ಅಸ್ಪೃಶ್ಯತೆ ರದ್ದಾಗಿದೆ. ಹಲ್ಲು ಕಟಕಟ ಎನ್ನುತ್ತಿರುವಾಗ ‘ಅಸ್ಪೃಶ್ಯತೆ’ ಎಂಬ ಶಬ್ದ ಹೊರಡುವುದಿಲ್ಲ, ಗೆಳೆಯರೇ, ಬೇಕಾದರೆ ಪ್ರಯತ್ನ ಮಾಡಿ ನೋಡಿರಿ. 1955ರ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆ ಎಂದು ಗಟ್ಟಿಯಾಗಿ ಬಂದಿದ್ದು, ಸಾರ್ವಜನಿಕ ದಾರಿಯಲ್ಲಿ ಒಬ್ಬನನ್ನು ಜಾತಿಯ ಕಾರಣಕ್ಕೆ ತಡೆಯುವುದು ಅದರಲ್ಲಿ ಅಪರಾಧವೆಂದು ಇದ್ದದ್ದು ಪುಸ್ತಕದಲ್ಲಿ ಇರಲಿಲ್ಲ. ಹೇಳುವ ಮಾಸ್ತರರೂ ಇರಲಿಲ್ಲ.

ಇಲ್ಲಿಯವರೆಗಿನ ಮಾತನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಚಪ್ಪಾಳೆಯೂ ಬಿದ್ದಿದೆ. ಇನ್ನು ಮುಂದಿನದನ್ನು ಹೇಳಿಲ್ಲ.

ಮೂವರು ಒಂದು ಸೈಕಲ್ ಮೇಲೆ ಕೂಡ್ರುವಾಗ ಮೂರು ಜಾಗ. ನಡುವಿನ ದಂಡಿಯ ಮೇಲೆ ಒಬ್ಬ, ಹಿಂದೆ ಕ್ಯಾರಿಯರ್ ಮೇಲೆ ಒಬ್ಬ, ಸೀಟಿನ ಮೇಲೆ ಹೊಡೆಯುವವ. ಕ್ಯಾರಿಯರ್ ಮೇಲಿನವನಿಗೆ ಗಾಳಿ ಇಲ್ಲ, ಕೈ ಬಗಲಲ್ಲಿ ಹುದುಗಿಸಿಕೊಂಡು ನಿದ್ದೆ ಮಾಡಬಹುದು. ದಂಡಿಯ ಮೇಲಿನವ ಕುಗ್ಗಿ ಕೂತು ಕೈಯನ್ನು ತೊಡೆಸಂದಿಯಲ್ಲಿ ಇಡಬಹುದು. ಹೊಡೆಯುವವನ ಮೈ ಕಾವಾಗಿದ್ದರೂ ಅವನ ಎರಡೂ ಕೈ ಕಬ್ಬಿಣದ ಮೇಲೆ, ಮುಖ ಗಾಳಿಗೆ. ಹೊಡೆಯುತ್ತಿದ್ದವನು ಯಾವಾಗಲೂ ಮಾಂಗರ ಹುಡುಗ. ಸೈಕಲ್ ನಮ್ಮದು ಅಲ್ಲವೇ, ಹತ್ತಿಸಿಕೊಂಡದ್ದೇ ಉಪಕಾರ. ‘ನಿಂದು ತೊಡಿ ಗಟ್ಟಿ ಐತಿ ಲೇ, ನೀನ ಹೊಡಿ’ ಅನ್ನುತ್ತಿದ್ದೆವು. ಅವನ ತೊಡೆ ನಮ್ಮ ತೊಡೆಗಿಂತ ಗಟ್ಟಿ ಇರಲಿಲ್ಲ. ಹ್ಯಾಂಡಲಿಗೆ ಸುತ್ತಲು ಅವ್ವನ ಹಳೆಯ ಸೀರೆಯ ಅರಿವೆ ಕೊಟ್ಟಿದ್ದಳು. ಅದನ್ನು ನಾವು ನಮ್ಮ ಕಿವಿಗೆ ಕಟ್ಟಿಕೊಂಡಿದ್ದೆವು. ಅವನ ಬೆರಳ ಗೆಣ್ಣು ಒಡೆದು ರಕ್ತ ಬರುತ್ತಿತ್ತು. ದಾರಿಯಲ್ಲಿ ನೀರು ಕುಡಿಯುವಾಗ ನಮ್ಮ ತಂಬಿಗೆಯಿಂದ ನಾವೇ ಎತ್ತಿ ಅವನ ಬೊಗಸೆಗೆ ಹಾಕುತ್ತಿದ್ದೆವು. ನಮಗೆ ಪೇಟೆಯ ಚಹಾದಂಗಡಿಯವನು ಹೇಗೆ ಹಾಕುತ್ತಿದ್ದನೋ ಹಾಗೆಯೇ. ಅದರಲ್ಲಿ ಏನಾದರೂ ತಪ್ಪಿದೆ ಎಂದು ನಮಗೆ ಅನಿಸಿರಲಿಲ್ಲ. ಅವನಿಗೆ ಅನಿಸಿರಬಹುದು ಎಂದೂ ಅನಿಸಿರಲಿಲ್ಲ.

ಬಾಬಾಸಾಹೇಬರನ್ನು ನಮ್ಮ ಕೇರಿ ಬಲ್ಲದು ಎಂದು ನಾವು ಎದೆಯುಬ್ಬಿಸಿ ಹೇಳುತ್ತಿದ್ದ ಕಾಲ ಅದು. 1920ರ ಮಾರ್ಚಿನಲ್ಲಿ ಇಲ್ಲಿಂದ ದೂರವಿಲ್ಲದ ಮಾಣಗಾವಿಯಲ್ಲಿ ಶಾಹೂ ಮಹಾರಾಜರೂ ಬಾಬಾಸಾಹೇಬರೂ ಒಂದೇ ಪರಿಷತ್ತಿನಲ್ಲಿ ಕೂಡಿದ್ದರು. 1925ರ ಏಪ್ರಿಲಿನಲ್ಲಿ ಬಾಬಾಸಾಹೇಬರು ನಿಪ್ಪಾಣಿಗೇ ಬಂದು ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿನ ಅಧ್ಯಕ್ಷತೆ ವಹಿಸಿದ್ದರು. ದೂರದಿಂದ ನೋಡಿದ್ದೆ ಎಂದು ನಮ್ಮ ಮುತ್ತ್ಯಾ ಸಾಯುವತನಕ ಹೇಳಿದ. ಪ್ರತಿ ಡಿಸೆಂಬರ್ 6ಕ್ಕೆ ಕೇರಿಯ ನಾಲ್ಕಾರು ಮಂದಿ ರೊಟ್ಟಿ ಕಟ್ಟಿಕೊಂಡು ಮೀರಜಿಗೆ ಹೋಗಿ ರೈಲು ಹತ್ತಿ ದಾದರಿನ ಚೈತ್ಯಭೂಮಿಗೆ ಹೋಗಿ ಬರುತ್ತಿದ್ದರು. 1980ರಲ್ಲೂ ಹೋಗಿದ್ದರು. ಬಂದು ಒಂದು ವಾರ ಕೇರಿಯಲ್ಲಿ ‘ಜೈ ಭೀಮ’ ಬಿಟ್ಟರೆ ಬೇರೆ ಮಾತಿಲ್ಲ.

ಆ ವಾರವೇ ಆದದ್ದು ಇದು.

ಅಂದು ಮಂಜು ಬಹಳ. ರಾತ್ರಿಯೆಲ್ಲ ಅಂಗಳದಲ್ಲಿದ್ದ ಸೈಕಲ್ ಮಿಂದು ಬಂದಂತೆ ತೊಯ್ದಿತ್ತು. ಹಳೆಯ ಸೈಕಲ್ಲಿನ ಬ್ರೇಕು ಎಂದರೆ ಉಕ್ಕಿನ ರಿಮ್ಮಿಗೆ ಒತ್ತುವ ಎರಡು ರಬ್ಬರಿನ ತುಂಡು. ರಿಮ್ಮು ತೊಯ್ದರೆ ರಬ್ಬರು ಜಾರುತ್ತದೆ, ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ಕೇರಿಯಿಂದ ಅಗಸಿಗೆ ಸ್ವಲ್ಪ ಏರು, ಅಗಸಿ ದಾಟಿದರೆ ಗುಡಿಯ ತನಕ ಇಳಿಜಾರು. ಅವನು ಹೊಡೆಯುತ್ತಿದ್ದ, ನಾವು ಇಬ್ಬರೂ ನಮ್ಮ ನಮ್ಮ ಜಾಗದಲ್ಲಿ ಕುಗ್ಗಿ ಕೂತಿದ್ದೆವು. ಅಗಸಿ ಬಂತು. ಸೈಕಲ್ ನಿಲ್ಲಲಿಲ್ಲ.

ಅದರ ಮೇಲೆ ಏನಾಯಿತು ಎಂದು ನಿಧಾನವಾಗಿ ಹೇಳಲು ಬರುವುದಿಲ್ಲ. ಅಗಸಿಯ ಕಮಾನು ತಲೆಯ ಮೇಲೆ ಹೋಯಿತು. ಚಾವಡಿಯ ಬೆಂಕಿ ಎಡಕ್ಕೆ ಕೆಂಪಗೆ ಬಂದು ಹೋಯಿತು. ಕಂಬಳಿಗಳು ಎದ್ದು ನಿಂತವು. ವಾಡೆಯ ಬಾಗಿಲಲ್ಲಿ ಗೌಡರ ಮನೆಯ ನಾಯಿ ಬೊಗಳುವುದನ್ನು ಮರೆತು ನೋಡಿತು. ಇನ್ನೂರ ಹದಿನಾಲ್ಕು ಹೆಜ್ಜೆ ಎಷ್ಟು ಸಣ್ಣದು ಎಂದು ಅಂದೇ ತಿಳಿದದ್ದು. ಒಂದು ಉಸಿರು ಕೂಡ ಪೂರ್ತಿ ಆಗಲಿಲ್ಲ, ಗುಡಿ ಬಂತು. ನಾವು ‘ಬ್ರೇಕ ಹಿಡಿ ಲೇ, ಬ್ರೇಕ ಹಿಡಿ’ ಎಂದು ಚೀರುತ್ತಿದ್ದೆವು. ಡಾಂಬರು ರಸ್ತೆಗೆ ಬಿದ್ದ ಮೇಲೆ ಮೂವರಿಗೂ ನಗು ತಡೆಯಲು ಆಗಲಿಲ್ಲ. ನಿಪ್ಪಾಣಿಯ ತನಕ ನಕ್ಕೆವು. ಆ ದಿನ ಚಳಿಯೇ ಇರಲಿಲ್ಲ.

ಸಂಜೆ ಚಾವಡಿಗೆ ಕರೆ ಬಂತು.

ಜೈ ಭೀಮ ಎಂದವರು ಎಲ್ಲ ಕೈ ಕಟ್ಟಿ ನಿಂತಿದ್ದರು. ನಮ್ಮಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ‘ಏನಲೇ, ಸೈಕಲ್ ಮ್ಯಾಲ ಕುಂತ ನಮ್ಮ ಮುಂದ ಹಾರಿಸಿಕೊಂಡ ಹೋಗುವಷ್ಟು ದೊಡ್ಡವರಾದ್ರಿ?’ ‘ತಪ್ಪಾತ್ರಿ ಗೌಡ್ರ, ಇಬ್ಬನಿಗೆ ಬ್ರೇಕ ಹಿಡಿದಿಲ್ರಿ, ಸಣ್ಣ ಹುಡುಗ್ರು.’ ‘ಯಾಂವ ಹೊಡೀತಿದ್ದ ಸೈಕಲ್?’

ಯಾರೂ ಮಾತಾಡಲಿಲ್ಲ. ಆಮೇಲೆ ನಾವು ಕೈ ಎತ್ತಿ ಅವನನ್ನು ತೋರಿಸಿದೆವು. ‘ಅವ್ರಿ.’

ಇಬ್ಬರೂ ತೋರಿಸಿದೆವು. ಯಾರು ಮೊದಲು ಎಂದು ಕೇಳಬೇಡಿರಿ. ನಮ್ಮ ದೊಡ್ಡವರೂ ನಿಟ್ಟುಸಿರು ಬಿಟ್ಟದ್ದು ನಮಗೆ ಕೇಳಿಸಿತು. ‘ಹೌದ್ರಿ, ಅವಂದ ತಪ್ಪು, ನಮ್ಮ ಹುಡುಗ್ರು ಸುಮ್ನ ಕುಂತಿದ್ದೂರಿ’ ಎಂದು ಕೇರಿಯ ಹಿರಿಯನೊಬ್ಬ ದನಿಗೂಡಿಸಿದ. ಅವನನ್ನು ಎತ್ತಿನ ಬಾರಕೋಲಿನಿಂದ ಹೊಡೆದರು. ಅವನ ಅಪ್ಪ, ಊರ ಜಾತ್ರೆಗೆ ಹಲಗಿ ಬಾರಿಸುವವ, ನೆಲಕ್ಕೆ ಹಣೆ ಹಚ್ಚಿ ಬಿದ್ದಿದ್ದ. ಅವನು ಅಳಲಿಲ್ಲ. ಪೇಪರು ಇನ್ನೂ ಅಂಗಿಯೊಳಗೆ ಇತ್ತು. ಪ್ರತಿ ಏಟಿಗೆ ಪೇಪರು ಹರಿಯುವ ಸಪ್ಪಳ ಕೇಳುತ್ತಿತ್ತು. ಸೈಕಲ್ಲನ್ನು ಎಂಟು ದಿನ ಚಾವಡಿಯಲ್ಲಿ ಇಟ್ಟುಕೊಂಡು ಬಿಟ್ಟರು. ಆ ಎಂಟು ದಿನ ನಾವು ಅವ್ವಂದಿರ ಜೋಡಿ ನಾಲ್ಕಕ್ಕೆ ಎದ್ದು ನಡೆದೆವು. ಅವನು ಬರಲಿಲ್ಲ. ಸೈಕಲ್ ಬಂದ ಮೇಲೂ ಬರಲಿಲ್ಲ. ಸಾಲಿಯ ಹಾಜರಿ ಪುಸ್ತಕದಲ್ಲಿ ಒಂದು ತಿಂಗಳು ಅವನ ಹೆಸರಿನ ಮುಂದೆ ಗೈರು ಬಿತ್ತು, ಆಮೇಲೆ ಹೆಸರೇ ಹೋಯಿತು.

ಮುಂದಿನ ಮಾರ್ಚಿನಲ್ಲಿ ತಂಬಾಕಿನ ಬೆಲೆಗಾಗಿ ರೈತರು ನಿಪ್ಪಾಣಿಯ ಹತ್ತಿರ ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಶರದ ಜೋಶಿ ಮುಂದಾಳು. 1981ರ ಏಪ್ರಿಲ್ 6ರಂದು ಗೋಲಿಬಾರಾಗಿ ರೈತರು ಸತ್ತರು. ನಾವು ದುಃಖಪಟ್ಟೆವು, ಅದು ಸುಳ್ಳಲ್ಲ. ಆದರೆ ರಸ್ತೆಯ ಮೇಲೆ ನ್ಯಾಯ ಕೇಳುತ್ತ ಕೂತವರ ಸಾಲಿನಲ್ಲಿ ನಮ್ಮೂರ ಚಾವಡಿಯ ಕಂಬಳಿಗಳೂ ಇದ್ದವು. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಆಗ ನಮಗೆ ಬರುತ್ತಿರಲಿಲ್ಲ.

ನಾವು ಇಬ್ಬರೂ ಮಾಸ್ತರರಾದೆವು. ಒಬ್ಬರು ರಾಯಬಾಗ ತಾಲೂಕಿಗೆ, ಒಬ್ಬರು ಕಾಗವಾಡದ ಕಡೆ. ಕಾಗವಾಡ ಆಗ ಅಥಣಿ ತಾಲೂಕಿನಲ್ಲೇ ಇತ್ತು, ಬೇರೆ ತಾಲೂಕಾದದ್ದು 2018ರಲ್ಲಿ, ನಿಪ್ಪಾಣಿಯೂ ಹಾಗೆಯೇ. ದಲಿತ ಸಂಘರ್ಷ ಸಮಿತಿಯ ಸಭೆಗಳಿಗೆ ಹೋದೆವು, ಹಾಡಿದೆವು, ಭಾಷಣ ಕಲಿತೆವು. ಭಾಷಣದಲ್ಲಿ ‘ನಾವು’ ಎಂಬ ಶಬ್ದ ಬಹಳ ಬರುತ್ತದೆ. ‘ನಾವು ಸೈಕಲ್ ಇಳಿಯಲಿಲ್ಲ’ ಎಂದು ಒಂದು ಸಲ ಚಿಕ್ಕೋಡಿಯಲ್ಲಿ ಹೇಳಿ ಕೂತಾಗ ಪಕ್ಕದ ಗೆಳೆಯ ನಮ್ಮ ಮುಖ ನೋಡಲಿಲ್ಲ.

1990ರ ದಶಕದ ಒಂದು ಜನವರಿ. ಸಾಲಿ ಬಿಟ್ಟ ಮಕ್ಕಳ ಲೆಕ್ಕ ಬರೆಯಲು ಬೆಳಗಾಗುವ ಮೊದಲೇ ಉಗಾರದ ಕಡೆ ಸೈಕಲ್ ಮೇಲೆ ಹೊರಟಿದ್ದೆವು. ಕಬ್ಬು ಕಡಿಯುವ ಟೋಳಿಯವರು ಹೊಲಕ್ಕೆ ಹೋಗುವುದರೊಳಗೆ ಸಿಗಬೇಕು. ಕೃಷ್ಣೆಯ ದಂಡೆಯ ಮಂಜು ನಿಪ್ಪಾಣಿಯದಕ್ಕಿಂತ ದಪ್ಪ. ಮುಂದೆ ಕಬ್ಬಿನ ಟ್ರ್ಯಾಕ್ಟರು, ಹಿಂದೆ ಎರಡು ಟ್ರೇಲರು, ಕೆಂಪು ದೀಪ ಒಂದೂ ಇಲ್ಲ. ಕಬ್ಬಿನ ಗರಿ ಮುಖಕ್ಕೆ ಬಡಿದಾಗಲೇ ಟ್ರೇಲರು ಇದೆ ಎಂದು ತಿಳಿಯುವುದು. ಈ ಸೀಮೆಯಲ್ಲಿ ಚಳಿಗಾಲದ ಸೈಕಲ್ಲಿನವರನ್ನು ಕೊಲ್ಲುವುದು ಥಂಡಿಯಲ್ಲ, ಆ ಕತ್ತಲ ಟ್ರೇಲರು. ಎಷ್ಟು ಸಲ ಅರ್ಜಿ ಕೊಟ್ಟರೂ ಹಂಗಾಮು ಸುರುವಾದಾಗ ಅದೇ ಕತೆ.

ರವದಿ ಹೊದಿಸಿದ ಗುಡಿಸಲುಗಳ ಮುಂದೆ ರವದಿಯದೇ ಬೆಂಕಿ. ಅಲ್ಲಿ ಕೂತಿದ್ದ ಅವನು. ಗುರುತು ಮೊದಲು ಹಿಡಿದವನೂ ಅವನೇ. ‘ಬರ್ರಿ ಮಾಸ್ತರ’ ಅಂದ. ‘ಲೇ’ ಅನ್ನಲಿಲ್ಲ. ನಮಗೆ ಆ ‘ರಿ’ ಬಾರಕೋಲಿನಂತೆ ಬಿತ್ತು. ಬೆಂಕಿಯ ಹತ್ತಿರ ಜಾಗ ಮಾಡಿಕೊಟ್ಟ. ಮೂರು ಮಕ್ಕಳ ಹೆಸರು ಬರೆಸಿದ. ಅವನ ಹೆಂಡತಿ ಬೆಲ್ಲದ ಚಹಾ ಮಾಡಿದಳು. ಕಪ್ಪು ಕೈಗೆ ಕೊಡುವಾಗ ಅವನು ಒಂದು ಗಳಿಗೆ ತಡೆದು ನಮ್ಮ ಮುಖ ನೋಡಿದ. ತಗೊಂಡು ಕುಡಿದೆವು. ಬಹಳ ಹೊತ್ತಿನ ಮೇಲೆ ನಾವೇ ತೆಗೆದೆವು ಮಾತು.

‘ಅವತ್ತ ಬ್ರೇಕ ಹಿಡಿದಿದ್ರ ನೀನೂ ಓದ್ತಿದ್ದಿ.’

ಅವನು ಕಡ್ಡಿಯಿಂದ ಬೆಂಕಿ ಕೆದಕುತ್ತ ಅಂದ: ‘ಬ್ರೇಕ ಹಿಡೀಲಿಲ್ಲ ಅಂತ ನೀವ ಹೇಳಿದ್ರಿ, ನಿಮ್ಮ ಅಪ್ಪ ಹೇಳಿದ. ನಾ ಬ್ರೇಕ ಒತ್ತೇ ಇರಲಿಲ್ಲ.’

ಮತ್ತೆ ಅಂದ: ‘ಕೈ ಸೆಟೆದಿತ್ರಿ ಥಂಡಿಗೆ. ಒತ್ತಾಕ ಬರ್ತಿರಲಿಲ್ಲ ಅನ್ನೂದೂ ಖರೆ. ಆದರ ಬಂದಿದ್ರೂ ಒತ್ತತಿದ್ದಿಲ್ಲ. ಅಗಸಿ ನೋಡಿದೆ, ಇವತ್ತ ಇಳಿಯೂದ ಬ್ಯಾಡ ಅನಿಸ್ತು. ನೀವ ಇಬ್ರೂ ಚೀರಾಕ ಹತ್ತಿದ್ರಿ. ನಿಮಗ ಹೇಳಿದ್ರ ನೀವ ಜಿಗದ ಇಳೀತಿದ್ರಿ.’

ನಕ್ಕ. ನಾವೂ ನಗಬೇಕಿತ್ತು. ಅವನ ಎರಡೂ ಕೈ ನೋಡಿದೆವು. ಕಬ್ಬಿನ ಗರಿ ಕೊಯ್ದು ಕೊಯ್ದು ಗೆಣ್ಣುಗಳ ಹಳೆಯ ಬಿರುಕು ಯಾವುದು ಹೊಸದು ಯಾವುದು ತಿಳಿಯುತ್ತಿರಲಿಲ್ಲ. ಅವನ ಮೂರು ಮಕ್ಕಳಲ್ಲಿ ಇಬ್ಬರನ್ನು ಹಾಸ್ಟೆಲಿಗೆ ಸೇರಿಸಿದೆವು. ಇದನ್ನು ಪ್ರಾಯಶ್ಚಿತ್ತ ಎಂದು ಬರೆಯುತ್ತಿಲ್ಲ. ಅದು ಸರಕಾರದ ಹಾಸ್ಟೆಲ್ಲು, ನಾವು ಅರ್ಜಿ ತುಂಬಿದ್ದು ಅಷ್ಟೇ.

2006-07ರಿಂದ ಎಂಟನೆಯ ತರಗತಿಗೆ ಸರಕಾರ ಉಚಿತ ಸೈಕಲ್ ಕೊಡಲು ಸುರು ಮಾಡಿತು. ಸೈಕಲ್ ಬಂದ ದಿನ ಅಂಗಳದ ತುಂಬ ಗಂಟೆಯ ಸಪ್ಪಳ, ಆ ದಿನ ಪಾಠವಿಲ್ಲ. ಹಾಸ್ಟೆಲಿನ ಮಕ್ಕಳಿಗೆ ಮಾತ್ರ ಇಲ್ಲ ಎಂಬುದು ನಿಯಮ. ಹಾಸ್ಟೆಲಿನಲ್ಲಿ ಇರುವವರು ಯಾರ ಮಕ್ಕಳು ಎಂದು ಓದುಗರಿಗೆ ಹೇಳಬೇಕಾಗಿಲ್ಲ. ಕೋವಿಡ್ ವರ್ಷಗಳಲ್ಲಿ ಹಂಚಿಕೆ ನಿಂತಿತು. ತಮಿಳುನಾಡಿನ ಪುದುಕೋಟೆಯಲ್ಲಿ 1990ರ ದಶಕದ ಮೊದಲಲ್ಲಿ ಅಕ್ಷರ ಚಳವಳಿಯವರು ಹೆಂಗಸರಿಗೆ ಓದು ಬರಹದ ಜೋಡಿ ಸೈಕಲ್ ಕಲಿಸಿದರು, ಸಾವಿರಾರು ಕೂಲಿ ಹೆಂಗಸರು ಕಲಿತರು. ಅದನ್ನು ಓದುವಾಗೆಲ್ಲ ಕಂದೀಲು ಹಿಡಿದ ಆ ಕೆಮ್ಮಿನ ಸಾಲು ಕಣ್ಣ ಮುಂದೆ ಬರುತ್ತದೆ.

ನಿವೃತ್ತಿಯಾಗಿ ಕೆಲವು ವರ್ಷವಾದವು. ಕಳೆದ ಡಿಸೆಂಬರ್ 6ಕ್ಕೆ ಊರಿಗೆ ಹೋಗಿದ್ದೆವು, ಮೋಟಾರ್ ಸೈಕಲ್ ಮೇಲೆ, ಒಳ್ಳೆಯ ಉಣ್ಣೆಯ ಸ್ವೆಟರ್ ಹಾಕಿಕೊಂಡು. ಬೆಳಗಿನ ಆರೂವರೆ, ಮಂಜು ಇತ್ತು. ಅಗಸಿಯ ಕಮಾನು ಬಿದ್ದುಹೋಗಿ ಬಹಳ ದಿನವಾಗಿದೆ. ಚಾವಡಿಯ ಜಾಗದಲ್ಲಿ ಪಂಚಾಯಿತಿಯ ಗೋದಾಮು. ವಾಡೆಯವರು ಬೆಳಗಾವಿಯಲ್ಲಿ ಇರುತ್ತಾರಂತೆ. ಗುಡಿಯ ಕಟ್ಟೆಯ ಮಾತು ಬೇರೆ, ಅದು ಹಾಗೆಯೇ ಇದೆ. ಅಗಸಿಯ ಜಾಗಕ್ಕೆ ಬಂದಾಗ ಗಾಡಿ ತಾನೇ ನಿಧಾನವಾಯಿತು. ನೋಡುತ್ತೇವೆ, ನಮ್ಮ ಎಡಗಾಲು ನೆಲಕ್ಕೆ ಇಳಿದಿದೆ. ಯಾರೂ ಇಲ್ಲ, ಬೆಂಕಿಯೂ ಇಲ್ಲ. ಕಾಲು ಮೇಲೆ ಬರಲೊಲ್ಲದು.

ಹಿಂದಿನಿಂದ ಗಂಟೆ ಬಾರಿಸಿತು. ಹುಡುಗಿ, ಹದಿಮೂರೋ ಹದಿನಾಲ್ಕೋ, ಕಿವಿಗೆ ಮಫ್ಲರು, ಹ್ಯಾಂಡಲಿಗೆ ಎರಡೂ ಕಡೆ ಕೆಂಪು ಅರಿವೆ ಸುತ್ತಿದೆ. ಕ್ಯಾರಿಯರ್ ಮೇಲೆ ಇನ್ನೊಬ್ಬಳು. ಯಾವ ಕೇರಿಯವರು ಎಂದು ಕೇಳಬೇಕು ಅನಿಸಿತು, ಕೇಳಲಿಲ್ಲ.

‘ಅಜ್ಜಾ, ನಡುದಾರ್ಯಾಗ ಯಾಕ ನಿಂತೀರಿ? ಬಾಜೂಕ ಸರೀರಿ, ಸಾಲಿಗಿ ಹೊತ್ತಾತು.’

ಸರಿದೆವು.